ಟ್ಯಾಂಜಿಯರ್‌ನವನು ನಮ್ಮೂರಲ್ಲಿ ಉಂಡು ಹೋದದ್ದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ಎರಡು ಪತ್ರಗಳು ಬಂದವು. ಕರಾವಳಿಯ ಸಣ್ಣ ಸಣ್ಣ ಪೇಟೆಗಳಲ್ಲಿ ಕೂತು ‘ನಮ್ಮೂರು ನಮ್ಮೂರು’ ಎಂದು ಹೇಳಿಕೊಂಡದ್ದು ಸಾಕು, ಹುಡುಗರು ಹೊರಗೆ ಬಿದ್ದು ಪ್ರಪಂಚ ನೋಡಲಿ ಎಂದು ಒಬ್ಬರು ಬರೆದಿದ್ದರು. ಅದಕ್ಕೆ ಸಿಟ್ಟಾದ ಇನ್ನೊಬ್ಬರು, ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ, ಹೊರಗಿನ ಹುಚ್ಚು ಯಾಕೆ ಎಂದು ಉತ್ತರ ಕೊಟ್ಟಿದ್ದರು. ಇಬ್ಬರ ಮಾತೂ ನನಗೆ ಸರಿ ಕಾಣಲಿಲ್ಲ. ಊರಿನ ಅಭಿಮಾನ, ದೂರದೂರಿನ ಕುತೂಹಲ ಇವೆರಡು ಹಗೆಗಳೆಂದು ಇವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಹೊನ್ನಾವರದಲ್ಲಿ ಹುಟ್ಟಿ, ಹೊನ್ನಾವರದಲ್ಲೇ ಖಾನಾವಳಿ ನಡೆಸಿಕೊಂಡಿರುವ ನನ್ನ ಅನುಭವ ಬೇರೆಯೇ ಇದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಮಾಡಿಕೊಡಿ.

ಹೊನ್ನಾವರ ಎಂದರೆ ಹೆಚ್ಚಿನವರಿಗೆ ಬಸ್ಸು ಚಹಾಕ್ಕೆ ನಿಲ್ಲುವ ಊರು. ಗೋಕರ್ಣಕ್ಕೆ ಹೋಗುವವರು, ಮುರ್ಡೇಶ್ವರಕ್ಕೆ ಹೋಗುವವರು, ಘಟ್ಟ ಹತ್ತಿ ಜೋಗಕ್ಕೆ ಹೋಗುವವರು ಎಲ್ಲರೂ ಇಲ್ಲಿಂದಲೇ ದಾಟಬೇಕು. ಆಂಧ್ರದ ಚಿತ್ತೂರಿನವರೆಗೆ ಹೋಗುವ 69ನೇ ಹೆದ್ದಾರಿ ಶುರುವಾಗುವುದು ನಮ್ಮೂರಿಂದ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಬಿದ್ದು, ಗೇರುಸೊಪ್ಪೆ ದಾಟಿ ಸಮುದ್ರ ಸೇರುವುದು ನಮ್ಮೂರಲ್ಲಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ನಮ್ಮ ಹೊಳೆಯ ಮೇಲೆಯೇ ಇದೆ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಎಂದರೆ ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಇವನ್ನೆಲ್ಲ ನಾವು ಬಂದವರಿಗೆ ಹೇಳುತ್ತೇವೆ, ಹೇಳಲೇಬೇಕು. ಆದರೆ ನಾನು ಬರೆಯಹೊರಟದ್ದು ಸುಮಾರು 680 ವರ್ಷಗಳ ಹಿಂದೆ ನಮ್ಮೂರಲ್ಲಿ ಬಡಿಸಿದ ಒಂದು ಊಟದ ವಿಷಯ.

ನಮ್ಮ ಮಾಳಿಗೆ ಮೇಲೆ ಬಾಡಿಗೆಗಿದ್ದ ಹುಡುಗಿಯೊಬ್ಬಳು ಇತಿಹಾಸ ಓದುತ್ತಿದ್ದಳು. ಒಂದು ಮಳೆಗಾಲದ ರಾತ್ರಿ, ಗಿರಾಕಿ ಮುಗಿದು ನಾವು ಪಾತ್ರೆ ತೊಳೆಯುತ್ತಿರುವಾಗ, ‘ಅಕ್ಕಾ, ಇಲ್ನೋಡಿ, ನಮ್ಮೂರ ಸುದ್ದಿ ಇದೆ’ ಎಂದು ಗ್ರಂಥಾಲಯದಿಂದ ತಂದ ಇಂಗ್ಲಿಷ್ ಪುಸ್ತಕ ಹಿಡಿದು ಕೆಳಗೆ ಬಂದಳು. ಮೊರಾಕ್ಕೊ ದೇಶದ ಟ್ಯಾಂಜಿಯರ್‌ನ ಇಬ್ನ್ ಬತೂತನ ಪ್ರವಾಸ ಕಥನ ಅದು. ಅವಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಊಟದ ಭಾಗ ಬಂದಾಗ ನಾನು ನಲ್ಲಿ ನಿಲ್ಲಿಸಿ, ಮತ್ತೊಮ್ಮೆ ಓದು ಎಂದೆ.

ಇಬ್ನ್ ಬತೂತ 1304ರಲ್ಲಿ ಟ್ಯಾಂಜಿಯರ್‌ನಲ್ಲಿ ಹುಟ್ಟಿದವನು. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮೆಕ್ಕಾ ಯಾತ್ರೆಗೆಂದು ಒಬ್ಬನೇ ಮನೆ ಬಿಟ್ಟ. ಸುತ್ತುತ್ತ ಸುತ್ತುತ್ತ ದೆಹಲಿಗೆ ಬಂದು ಮುಹಮ್ಮದ್ ಬಿನ್ ತುಘಲಕನ ಹತ್ತಿರ ಕಾಜಿಯಾದ. ಆ ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿ ಮಾಡಿ ಕಳಿಸಿದ. 1342ರಲ್ಲಿ ದೆಹಲಿ ಬಿಟ್ಟವನು ಪಶ್ಚಿಮ ಕರಾವಳಿಗುಂಟ ಹಡಗಿನಲ್ಲಿ ಬರುವಾಗ ಹೊನ್ನಾವರದಲ್ಲಿ ಇಳಿದ. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಚೀನಾದ ಹಡಗು, ಉಡುಗೊರೆ ಎಲ್ಲ ಹೋಯಿತು. ದೆಹಲಿಗೆ ವಾಪಸು ಹೋಗಲು ಹೆದರಿದ ಮನುಷ್ಯ ತಿರುಗಿ ಬಂದದ್ದು ನಮ್ಮೂರಿಗೆ. ಕೆಟ್ಟ ಕಾಲದಲ್ಲಿ ಅವನಿಗೆ ಆಸರೆ ಕೊಟ್ಟ ಊರು ಎಂಬುದು ನನಗೆ ದೊಡ್ಡ ಮಾತು.

ಆಗ ಹೊನ್ನಾವರದಲ್ಲಿ ಆಳುತ್ತಿದ್ದವನು ಜಮಾಲುದ್ದೀನ್ ಎಂಬ ಸುಲ್ತಾನ. ಅವನ ಮೇಲೊಬ್ಬ ಹಿಂದೂ ದೊರೆ ಇದ್ದ, ಅವನಿಗೆ ಇವನು ಅಧೀನ ಎಂದು ಇಬ್ನ್ ಬತೂತ ಹೇಳುತ್ತಾನೆ. ಆ ದೊರೆ ವಿಜಯನಗರದ ಒಂದನೇ ಹರಿಹರ ಎಂಬುದು ವಿದ್ವಾಂಸರ ಅಭಿಪ್ರಾಯ. ಊರು ದೊಡ್ಡ ಅಳಿವೆಯ ದಡದಲ್ಲಿದೆ, ಸಮುದ್ರಕ್ಕೆ ಅರ್ಧ ಮೈಲಿ, ದೊಡ್ಡ ಹಡಗುಗಳು ಒಳಗೆ ಬರುತ್ತವೆ, ಮಳೆಗಾಲದಲ್ಲಿ ನಾಲ್ಕು ತಿಂಗಳು ನೀರು ಎಷ್ಟು ಕೆರಳಿರುತ್ತದೆಂದರೆ ಮೀನು ಹಿಡಿಯುವವರ ಹೊರತು ಯಾರೂ ಇಳಿಯುವುದಿಲ್ಲ ಎಂದೆಲ್ಲ ಅವನು ಬರೆದಿದ್ದಾನೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಇಳಿಯುವಂತಿಲ್ಲ. ಆ ಎರಡು ತಿಂಗಳು ಸಣ್ಣ ದೋಣಿಯವರು ಅಳಿವೆಯಲ್ಲಿ ಬಲೆ ಬೀಸಿ ತಂದದ್ದೇ ನನ್ನ ಖಾನಾವಳಿಗೆ ಗತಿ. ಅಳಿವೆ ನೋಡಿ ಅವನು ಬರೆದದ್ದು ಇವತ್ತು ನಮ್ಮ ಬಂದರಿನಲ್ಲಿ ನಿಂತ ಯಾರಿಗೂ ಹೊಸದಲ್ಲ.

ಈಗ ಊಟಕ್ಕೆ ಬರುತ್ತೇನೆ. ಸುಲ್ತಾನನ ಮನೆಯಲ್ಲಿ ತಾಮ್ರದ ಮಣೆ, ಅದರ ಮೇಲೆ ತಾಮ್ರದ ತಟ್ಟೆ. ರೇಷ್ಮೆ ಉಟ್ಟ ಹೆಣ್ಣೊಬ್ಬಳು ಪಾತ್ರೆಗಳನ್ನು ತಂದಿಟ್ಟು ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನ ಬಡಿಸುತ್ತಾಳೆ. ಮೇಲೆ ತುಪ್ಪ. ಪಕ್ಕಕ್ಕೆ ಉಪ್ಪಿನಕಾಯಿ: ಕಾಳುಮೆಣಸಿನ ಗೊಂಚಲಿನದು, ಹಸಿಶುಂಠಿಯದು, ಲಿಂಬೆಯದು, ಮಾವಿನದು. ಒಂದು ತುತ್ತು ಅನ್ನ, ಹಿಂದೆಯೇ ಒಂದಿಷ್ಟು ಉಪ್ಪಿನಕಾಯಿ. ಆ ಅನ್ನ ಮುಗಿಯುತ್ತಲೇ ಇನ್ನೊಂದು ಸೌಟು, ಅದಕ್ಕೆ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ. ಮತ್ತೆ ಅನ್ನ, ಬಗೆಬಗೆಯ ಮೀನು. ಆಮೇಲೆ ತುಪ್ಪದಲ್ಲಿ ಮಾಡಿದ ತರಕಾರಿ. ಕಟ್ಟಕಡೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬರುವುದು ಏನೂ ಇಲ್ಲ ಎಂದು ತಿಳಿಯಬೇಕು ಎನ್ನುತ್ತಾನೆ. ಕೊನೆಗೆ ಕುಡಿಯಲು ಬಿಸಿನೀರು, ಯಾಕೆಂದರೆ ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲ.

ಸಂಪಾದಕರೇ, ಇದನ್ನು ಕೇಳುವಾಗ ನನ್ನ ಮೈ ಜುಮ್ಮೆಂದಿತು. ದಿನಾ ಮಧ್ಯಾಹ್ನ ನಾನು ಮಾಡುವುದು ಇದನ್ನೇ. ಮೊದಲು ಎಲೆಯ ತುದಿಗೆ ಉಪ್ಪಿನಕಾಯಿ, ಅನ್ನ, ಸಾರು, ಮತ್ತೆ ಅನ್ನ, ಬಂಗಡೆಯದೋ ತಾರ್ಲೆಯದೋ ಪದಾರ್ಥ, ಕೊನೆಗೆ ಮಜ್ಜಿಗೆ. ಮಜ್ಜಿಗೆ ತಂಬಿಗೆ ಹಿಡಿದು ಬಂದೆನೆಂದರೆ ಗಿರಾಕಿಗಳು ಕೊನೆಯ ತುತ್ತಿಗೆ ಅನ್ನ ಹಾಕಿಸಿಕೊಂಡು ಎಲೆ ಮಡಚುವ ತಯಾರಿ ಮಾಡುತ್ತಾರೆ. ಬಾಯಿಬಿಟ್ಟು ಯಾರೂ ಹೇಳಬೇಕಾಗಿಲ್ಲ. ಆಷಾಢದಲ್ಲಿ ಕುದಿಸಿದ ನೀರು ಕೊಡದಿದ್ದರೆ ಹಿರಿಯರು ಕೇಳಿ ಹಾಕಿಸಿಕೊಳ್ಳುತ್ತಾರೆ. ಊರಿನ ಕೋಟೆ ಬಿದ್ದುಹೋಗಿದೆ, ಬಂದರಿನಲ್ಲಿ ಹೂಳು ತುಂಬಿದೆ, ರಾಜರು ಬಂದು ಹೋದರು. ಬಡಿಸುವ ಕ್ರಮ ಮಾತ್ರ ಉಳಿದುಕೊಂಡು ಬಂದಿದೆ. ನನಗೆ ಅಭಿಮಾನ ಪಡಲು ಇದಕ್ಕಿಂತ ದೊಡ್ಡ ಸ್ಮಾರಕ ಬೇಡ.

ಅದೇ ಕಥನದಲ್ಲಿ ಇನ್ನೊಂದು ವಿಷಯ ಇದೆ. ನಮ್ಮೂರ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಹಾಕುತ್ತಾರೆ ಎನ್ನುತ್ತಾನೆ. ಅವರೆಲ್ಲರಿಗೂ ಕುರಾನ್ ಬಾಯಿಪಾಠ ಎಂದೂ, ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದೂ, ಇಂಥದ್ದನ್ನು ಬೇರೆ ಎಲ್ಲೂ ನೋಡಿಲ್ಲವೆಂದೂ ಬರೆದಿದ್ದಾನೆ. ಹೆಣ್ಣುಮಕ್ಕಳ ಶಾಲೆ 13! ಹೊನ್ನಾವರದ ಹೈಸ್ಕೂಲು ಹುಡುಗಿಯರಿಗೆ ಇದನ್ನು ಹೇಳಿ ನೋಡಿ, ಅವರ ಮುಖ ಹೇಗೆ ಅರಳುತ್ತದೆ. ಹಿಂದೂ ದೊರೆಯ ಕೆಳಗೆ ಮುಸ್ಲಿಂ ಸುಲ್ತಾನ, ಸುಲ್ತಾನನ ಮನೆಯ ಊಟದಲ್ಲಿ ನಮ್ಮೆಲ್ಲರ ಮನೆಯ ಮಾವಿನಮಿಡಿ. ಈ ಕರಾವಳಿ ಯಾರದ್ದು ಎಂದು ಜಗಳ ಕಾಯುವವರು ಇದನ್ನೊಮ್ಮೆ ಕೂತು ಓದಬೇಕು.

ಹಾಗೆಂದು ಹೊಗಳಿಕೆಯನ್ನಷ್ಟೇ ಹೆಕ್ಕಿಕೊಳ್ಳುವುದು ನನಗೆ ಇಷ್ಟವಿಲ್ಲ. ರೇಷ್ಮೆ ಉಟ್ಟು ಬಡಿಸಿದ ಆ ಹೆಣ್ಣು ಒಬ್ಬ ದಾಸಿ. ಅವಳ ಹೆಸರು ಅವನು ಬರೆದಿಲ್ಲ. ಒಲೆ ಮುಂದೆ ನಿಂತು ಅಷ್ಟು ಬಗೆ ಮಾಡಿದವರು ಯಾರು, ಅದೂ ಇಲ್ಲ. ಆ ಕಾಲದಲ್ಲಿ ಆಳುಗಳನ್ನು ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಇವನೂ ಕೊಂಡಿದ್ದಾನೆ. ಹೋದ ಹೋದಲ್ಲಿ ಮದುವೆಯಾಗಿ ಬಿಟ್ಟು ಬಂದಿದ್ದಾನೆ. ಅನ್ನದ ವಿಷಯದಲ್ಲೂ ಅವನದೊಂದು ದೂರು ಇದೆ. ಆ ಸುಲ್ತಾನನ ಹತ್ತಿರ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಇದ್ದೆ, ಮಾಲ್ದೀವ್ಸ್, ಸಿಂಹಳ, ಮಲಬಾರು, ಚೋಳಮಂಡಲ ಎಂದು ಮೂರು ವರ್ಷ ಅನ್ನವನ್ನೇ ತಿಂದು ತಿಂದು ಕೊನೆಗೆ ನೀರು ಕುಡಿದು ನುಂಗಬೇಕಾಯಿತು ಎಂದಿದ್ದಾನೆ. ಪಾಪ, ರೊಟ್ಟಿ ತಿಂದು ಬೆಳೆದ ಮನುಷ್ಯ. ನನ್ನ ಖಾನಾವಳಿಗೆ ಬರುವ ಪಂಜಾಬಿನ ಲಾರಿ ಡ್ರೈವರುಗಳೂ ಎರಡನೇ ದಿನಕ್ಕೆ ಚಪಾತಿ ಕೇಳುತ್ತಾರೆ. ಅದಕ್ಕಾಗಿಯೇ ಒಂದು ಡಬ್ಬಿ ಗೋಧಿ ಹಿಟ್ಟು ಯಾವಾಗಲೂ ಇಟ್ಟಿರುತ್ತೇನೆ.

ಇಲ್ಲಿಯವರೆಗೆ ಬರೆದದ್ದು ಎರಡನೇ ಪತ್ರದವರಿಗೆ ಖುಷಿಯಾಗಬಹುದು, ‘ನೋಡಿ, ಆಗಲೇ ನಮ್ಮಲ್ಲಿ ಎಲ್ಲ ಇತ್ತು’ ಎಂದು. ಎಲ್ಲ ಇರಲಿಲ್ಲ. ಆ ಊಟದ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಖಾರಕ್ಕೆ ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಇಲ್ಲ. ಇರುವುದಕ್ಕೆ ಸಾಧ್ಯವೇ ಇರಲಿಲ್ಲ, ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮಲ್ಲಿಗೆ ಬಂದದ್ದು. ಬ್ಯಾಡಗಿ ಮೆಣಸು ಅರೆಯದೆ ನಾನು ಒಂದು ದಿನ ಬಂಗಡೆ ಪದಾರ್ಥ ಮಾಡಲಾರೆ, ಆದರೆ ಜಮಾಲುದ್ದೀನನ ಅಡುಗೆಯವರು ಅದನ್ನು ಕಣ್ಣಲ್ಲಿ ಕಂಡವರಲ್ಲ. ಬಟಾಟೆ, ಟೊಮೆಟೊ, ಅನಾನಸು ಹಾಗೆಯೇ. ನಮ್ಮ ಗುಡ್ಡ ತುಂಬ ಇರುವ ಗೇರುಮರ ಬ್ರೆಜಿಲಿನದು. ಗೇರುಬೀಜದ ಉಸಳಿ ನಮ್ಮ ಮದುವೆ ಮನೆಗಳ ಹೆಮ್ಮೆ ತಾನೇ? ಹಡಗಿನಲ್ಲಿ ಬಂದ ಬೀಜವನ್ನು ಬೇಡ ಎನ್ನದೆ ನೆಟ್ಟು ನೋಡಿದವರಿಂದ ನಮಗೆ ಅದು ಸಿಕ್ಕಿತು.

ಇಬ್ನ್ ಬತೂತ ನಮ್ಮ ಮಾವಿನಮಿಡಿಯ ಬಗ್ಗೆ ಬರೆಯುವ ರೀತಿಯಲ್ಲೇ ನನ್ನ ಮಾತಿಗೆ ಆಧಾರ ಇದೆ. ಹಣ್ಣಾಗುವ ಮೊದಲೇ ಉದುರಿದ ಮಾವಿನಕಾಯಿಗೆ ಉಪ್ಪು ಹಾಕಿ ಇಡುತ್ತಾರೆ, ನಮ್ಮ ದೇಶದಲ್ಲಿ ಲಿಂಬೆಗೆ ಹಾಕುವ ಹಾಗೆ, ಎನ್ನುತ್ತಾನೆ. ಇಷ್ಟು ದೂರ ಬಂದ ಮೇಲೂ, ಹೊಸದೊಂದನ್ನು ಕಂಡ ಕೂಡಲೇ ಅವನಿಗೆ ನೆನಪಾದದ್ದು ತನ್ನ ಮನೆಯ ಲಿಂಬೆ ಭರಣಿ. ತನ್ನೂರಿನ ಲಿಂಬೆಯ ಮೇಲೆ ಪ್ರೀತಿ ಇಲ್ಲದವನು ನಮ್ಮ ಮಿಡಿಯನ್ನು ಅಷ್ಟು ಗಮನವಿಟ್ಟು ನೋಡುತ್ತಲೇ ಇರಲಿಲ್ಲ. ನಮ್ಮೂರು ಬಿಟ್ಟು ಹೋಗಿ ಎನ್ನುವವರಿಗೂ ಹೋಗಲೇಬೇಡಿ ಎನ್ನುವವರಿಗೂ ನಾನು ಹೇಳುವುದು ಇಷ್ಟೇ.

ನನ್ನ ಮಗ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅವರ ಹಡಗು ಟ್ಯಾಂಜಿಯರ್ ಹತ್ತಿರದ ಟ್ಯಾಂಜಿಯರ್ ಮೆಡ್ ಬಂದರಿಗೆ ಹೋಗುತ್ತದೆ ಎಂದು ತಿಳಿದಾಗ, ರಜೆ ಸಿಕ್ಕರೆ ಊರೊಳಗೆ ಹೋಗಿ ಬಾ, ಏನು ತಿನ್ನುತ್ತಾರೆ ನೋಡಿಕೊಂಡು ಬಾ ಎಂದು ಗಂಟು ಬಿದ್ದೆ. ಹೋಗಿ ಬಂದ. ಸಮುದ್ರದ ಆಚೆ ದಡದಲ್ಲಿ ಸ್ಪೇನ್ ದೇಶದ ಗುಡ್ಡ ಕಣ್ಣಿಗೇ ಕಾಣುತ್ತದಂತೆ. ಹಳೇ ಪೇಟೆಯ ಓಣಿಗಳಲ್ಲಿ ಕೇರಿಗೊಂದರಂತೆ ದೊಡ್ಡ ಒಲೆ, ಮನೆಯಲ್ಲಿ ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಮಕ್ಕಳು ಅಲ್ಲಿಗೆ ತಂದುಕೊಡುತ್ತಾರೆ, ಬೆಂದ ಮೇಲೆ ರೊಟ್ಟಿ ಮನೆಗೆ ಒಯ್ಯುತ್ತಾರೆ. ಯಾರ ರೊಟ್ಟಿ ಯಾರದು ಎಂದು ಒಲೆಯವನಿಗೆ ನೋಡಿದರೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಉಪ್ಪು ಲಿಂಬೆಯ ಭರಣಿಗಳನ್ನು ಸಾಲಾಗಿ ಇಟ್ಟಿದ್ದರು, ಫೋಟೊ ಕಳಿಸಿದ. ಪುದೀನ ಹಾಕಿದ ಚಹಾ ಅಲ್ಲಿ ಮನೆಮನೆಯಲ್ಲೂ ಇದೆ, ಆದರೆ ಚಹಾ ಆ ದೇಶಕ್ಕೆ ಬಂದದ್ದು ಇಬ್ನ್ ಬತೂತ ಸತ್ತು ಎಷ್ಟೋ ನೂರು ವರ್ಷದ ಮೇಲೆ. ಅವರ ಚಹಾ, ನಮ್ಮ ಮೆಣಸಿನಕಾಯಿ ಎರಡೂ ಹೊರಗಿನವು.

ಆ ಊರಿನ ವಿಮಾನ ನಿಲ್ದಾಣಕ್ಕೆ ಇಬ್ನ್ ಬತೂತನ ಹೆಸರೇ ಇಟ್ಟಿದ್ದಾರೆ. ಅವನು ತಿಂಗಳುಗಟ್ಟಲೆ ಉಂಡು ಉಳಿದ ಹೊನ್ನಾವರದಲ್ಲಿ, ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ಅವನ ಹೆಸರಿನ ಒಂದು ಫಲಕವೂ ಇಲ್ಲ.

ಬಂದವರಲ್ಲಿ ಅವನೊಬ್ಬನೇ ಅಲ್ಲ. 1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದ. ಇಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ ಘಟ್ಟ ಹತ್ತಿದ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ನೆಲಕ್ಕೆ ಮರಳು ಹರವಿ, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನೋಡಿ ನಿಂತ. ಮಾಸ್ತರರಿಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೇ ಮರೆಯುವುದುಂಟೇ ಎಂದರಂತೆ ಆ ಹುಡುಗರು! ರೋಮಿನ ಶ್ರೀಮಂತನಿಗೆ ನಮ್ಮ ಘಟ್ಟದ ಹುಡುಗರ ಮರಳಿನ ಪಾಟಿ ನೋಡುವ ಕುತೂಹಲ ಇತ್ತು, ಅದರಿಂದ ನಮಗೆ ಆ ಹುಡುಗರು ಸಿಕ್ಕಿದ್ದಾರೆ. ನಮ್ಮ ರಾಜರ ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಯ ಲೆಕ್ಕ ಸಿಗುತ್ತದೆ, ಮಕ್ಕಳು ಲೆಕ್ಕ ಕಲಿತ ರೀತಿ ಸಿಗುವುದಿಲ್ಲ.

ಹಾಗಾದರೆ ಈಗ ನಮ್ಮೂರಿಗೆ ಬರುವವರನ್ನು ನಾವು ಏನು ಕೇಳುತ್ತೇವೆ? ಬಿಲ್ಲು ಎಷ್ಟಾಯಿತು, ಎಲ್ಲಿಗೆ ಹೋಗಬೇಕು, ಅಷ್ಟೇ. ದೋಣಿ ಕೆಲಸಕ್ಕೆ ಬಂದ ಒಡಿಶಾದ ಹುಡುಗರು ನಮ್ಮಲ್ಲಿ ಉಣ್ಣುತ್ತಾರೆ. ನಾನು ಖಾನಾವಳಿಯ ಗೋಡೆಗೆ ಪ್ರಪಂಚದ ನಕ್ಷೆ, ಅದರ ಪಕ್ಕ ಭಾರತದ ನಕ್ಷೆ ಹಾಕಿಸಿದ್ದೇನೆ. ಹೊಸಬರು ಕೈ ತೊಳೆದು ಬಂದ ಮೇಲೆ ‘ನಿಮ್ಮೂರು ತೋರಿಸಿ’ ಎನ್ನುತ್ತೇನೆ. ಒಬ್ಬ ಹುಡುಗ ಬೆರಳಿಟ್ಟು ತೋರಿಸಿ, ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಣ್ಣುವ ಅವರ ಪಖಾಲದ ಸುದ್ದಿ ಹೇಳಿದ. ನಾವು ಮಾಡುವ ತಂಗಳನ್ನವೇ ಅದು, ಆದರೆ ಅವರು ಅದಕ್ಕೆ ಹುರಿದ ಬದನೆಕಾಯಿ, ಬೇಳೆ ರುಬ್ಬಿ ಒಣಗಿಸಿದ ‘ಬಡಿ’ ನಂಜಿಕೊಳ್ಳುತ್ತಾರೆ. ಮರುದಿನ ನಾನು ಮಾಡಿಕೊಟ್ಟಾಗ ಅವನು ಊರಿಗೆ ವಿಡಿಯೊ ಕಾಲ್ ಮಾಡಿ ಅವನ ಅಮ್ಮನಿಗೆ ತೋರಿಸಿದ. ಅವರ ಒಡಿಯಾ ನನಗೆ ಬಾರದು, ನನ್ನ ಕನ್ನಡ ಅವರಿಗೆ ಬಾರದು. ತಟ್ಟೆ ಎತ್ತಿ ತೋರಿಸಿದೆ, ಅವರು ನಕ್ಕು ಇನ್ನೂ ಸ್ವಲ್ಪ ಉಪ್ಪು ಬೇಕೆಂದು ಕೈಸನ್ನೆ ಮಾಡಿದರು.

ನಮ್ಮ ಮನೆಗಳ ಹುಡುಗರು ಮಸ್ಕತ್ತು, ದುಬೈ, ಮುಂಬಯಿ ಎಂದು ಹೋದವರು ಬಹಳ. ಅವರು ಊರಿಗೆ ಬಂದಾಗ ಸಂಬಳ ಎಷ್ಟು, ಮನೆ ಕಟ್ಟುವುದು ಯಾವಾಗ ಎಂದು ಕೇಳುವ ನಾವು, ಅಲ್ಲಿ ಅಕ್ಕಪಕ್ಕದವರು ಯಾವ ಊರಿನವರು, ಏನು ಉಣ್ಣುತ್ತಾರೆ, ಹಬ್ಬ ಹೇಗೆ ಮಾಡುತ್ತಾರೆ ಎಂದು ಕೇಳುವುದು ಕಡಿಮೆ. ಅವರಿಗೂ ಹೇಳಿ ರೂಢಿ ತಪ್ಪಿದೆ. ಇದಕ್ಕೆ ನನಗೆ ನಿಜವಾಗಿ ಬೇಸರವಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೊನ್ನಾವರದ ಬಸ್ ನಿಲ್ದಾಣದಲ್ಲೊಂದು, ಕಾಸರಕೋಡಿನ ಕಡಲತೀರದಲ್ಲೊಂದು ಫಲಕ ಬೇಕು. ಟ್ಯಾಂಜಿಯರ್‌ನ ಯಾತ್ರಿಕ ಇಲ್ಲಿ ತಂಗಿದ್ದ, ಹೆಣ್ಣುಮಕ್ಕಳ 13 ಶಾಲೆ ಕಂಡಿದ್ದ, ಇಂಥ ಊಟ ಉಂಡಿದ್ದ ಎಂದು ಕನ್ನಡದಲ್ಲಿ, ಓದುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಟ್ಯಾಂಜಿಯರ್ ಎಲ್ಲಿದೆ ಎಂದು ತೋರಿಸುವ ಒಂದು ನಕ್ಷೆಯೂ ಅದರಲ್ಲಿರಲಿ, ಇಲ್ಲದಿದ್ದರೆ ಅರ್ಧ ಕೆಲಸ ಮಾಡಿದ ಹಾಗೆ. ತಾಲೂಕಿನ ಶಾಲೆಗಳಲ್ಲಿ ವರ್ಷಕ್ಕೊಂದು ದಿನವಾದರೂ ಇಬ್ನ್ ಬತೂತ, ದೆಲ್ಲಾ ವಾಲ್ಲೆ ನಮ್ಮೂರ ಬಗ್ಗೆ ಬರೆದ ಭಾಗಗಳನ್ನು ಮಕ್ಕಳಿಗೆ ಓದಿಸಲಿ. ಗ್ರಂಥಾಲಯದಲ್ಲಿ ಅವು ಕನ್ನಡದಲ್ಲಿ ಕೈಗೆ ಸಿಗುವಂತಾಗಲಿ. ಫಲಕದ ಖರ್ಚಿಗೆ ನನ್ನ ಪಾಲು ಕೊಡಲು ನಾನು ತಯಾರಿದ್ದೇನೆ, ಪೇಟೆಯ ಇನ್ನೂ ಕೆಲವು ಅಂಗಡಿಯವರು ಒಪ್ಪಿದ್ದಾರೆ.

ಓದುಗರಲ್ಲೂ ಒಂದು ಕೇಳಿಕೆ. ಹಸಿ ಕಾಳುಮೆಣಸಿನ ಗೊಂಚಲನ್ನು ಇಡಿಯಾಗಿ ಉಪ್ಪಿನಕಾಯಿ ಹಾಕುವುದು ಘಟ್ಟದ ಮೇಲಿನ ಮನೆಗಳಲ್ಲಿ ಇನ್ನೂ ಇದೆ. ನಮ್ಮ ಪೇಟೆಯ ಕಡೆ ಬಹುತೇಕ ನಿಂತಿದೆ. ಸಿರಸಿ, ಸಿದ್ದಾಪುರ, ಸಾಗರದ ಅಕ್ಕಂದಿರು ಯಾರಾದರೂ ಮಾಡುವ ಕ್ರಮವನ್ನು, ಲಿಂಬೆರಸ ಎಷ್ಟು, ಉಪ್ಪು ಎಷ್ಟು, ಎಷ್ಟು ದಿನಕ್ಕೆ ತೆಗೆಯಬೇಕು ಎಂಬುದನ್ನೆಲ್ಲ ಇದೇ ವಿಭಾಗಕ್ಕೆ ಬರೆಯಿರಿ. ಹಾಗೆಯೇ ಮೊರಾಕ್ಕೊದಲ್ಲಿ ಕೆಲಸಕ್ಕಿರುವ ಕನ್ನಡಿಗರು ಯಾರಾದರೂ ಇದನ್ನು ಓದಿದರೆ, ಅಲ್ಲಿನ ಉಪ್ಪು ಲಿಂಬೆಯನ್ನು ಕೋಳಿಗೆ ಹಾಕುವಾಗ ತಿರುಳು ತೆಗೆದು ಸಿಪ್ಪೆಯನ್ನಷ್ಟೇ ಹಾಕುತ್ತಾರೋ, ಇಡಿಯಾಗಿ ಹಾಕುತ್ತಾರೋ ತಿಳಿಸಿ. ಬರುವ ಮಳೆಗಾಲದೊಳಗೆ ಎರಡನ್ನೂ ಒಂದೇ ದಿನ ಬಡಿಸಬೇಕೆಂದಿದ್ದೇನೆ.

ಇಂತಿ ನಿಮ್ಮ,
ಖಾನಾವಳಿ ನಡೆಸುವ ಓದುಗಳು,
ಹೊನ್ನಾವರ (ಉತ್ತರ ಕನ್ನಡ)